ವಜ್ರದ ನೀರಿನ ಮೇಲೆ ಬೆಳಕಿನ ಬಿರುಮಳೆ

ಕೂಡ್ಲಿಗಿ ಕಡೆಯ ಕೆಂಪು ನೆಲದ ರೈತ ಮಳೆಯ ಮಾತು ಬಂದಾಗ ‘ಎಷ್ಟು ಬಂತು’ ಎಂದು ಕೇಳಿ ಸುಮ್ಮನಾಗುವುದಿಲ್ಲ. ‘ಹೆಂಗ್ ಬಂತು’ ಎಂದೂ ಕೇಳುತ್ತಾನೆ. ಎರಡು ದಿನ ಸೋನೆ ಹಿಡಿದು ಬಂದ ಎರಡು ಅಂಗುಲ ಮಳೆ ಶೇಂಗಾ ಹೊಲದೊಳಗೆ ಇಳಿದು ಬೇರಿಗೆ ಮುಟ್ಟುತ್ತದೆ. ಅದೇ ಎರಡು ಅಂಗುಲ ಅರ್ಧ ಗಂಟೆಯಲ್ಲಿ ಧೋ ಎಂದು ಸುರಿದರೆ, ನೆಲ ಕುಡಿಯುವ ಮೊದಲೇ ನೀರು ಒಡ್ಡು ಕಿತ್ತು, ಮೇಲ್ಮಣ್ಣು ಎಳೆದುಕೊಂಡು ಹಳ್ಳ ಸೇರುತ್ತದೆ. ನೀರು ಅದೇ, ಹೊಲವೂ ಅದೇ. ಬೇರೆಯಾದದ್ದು ಅದು ಬೀಳಲು ತೆಗೆದುಕೊಂಡ ಹೊತ್ತು.

ಬೆಳಕಿನ ವಿಷಯದಲ್ಲೂ ಹೀಗೇ ಆಗುತ್ತದೆ ಎಂಬುದನ್ನು ಮನುಷ್ಯ ಕಣ್ಣಾರೆ ಕಂಡು ಇನ್ನೂ ಎಪ್ಪತ್ತು ವರ್ಷವಾಗಿಲ್ಲ. ಸೂರ್ಯನ ಬೆಳಕು, ದೀಪದ ಬೆಳಕು ಸೋನೆ ಮಳೆಯ ಜಾತಿಯವು. ಗಾಜಿನ ಮೇಲೋ ನೀರಿನ ಮೇಲೋ ಇವು ಇಮ್ಮಡಿ ಬಿದ್ದರೆ ಆಚೆ ಕಡೆ ಇಮ್ಮಡಿ ಹೊರಬರುತ್ತವೆ. ಹೀರಿಕೆಯೂ ಇಮ್ಮಡಿ, ಚದುರಿಕೆಯೂ ಇಮ್ಮಡಿ. ಈ ನೇರ ಲೆಕ್ಕವನ್ನು ವಿಜ್ಞಾನಿಗಳು ರೇಖೀಯ ಎನ್ನುತ್ತಾರೆ. ಬೆಳಕನ್ನು ಅತಿ ಸಣ್ಣ ಅವಧಿಯೊಳಗೆ ಒತ್ತಿ ತುಂಬಿ ಒಮ್ಮೆಲೇ ಸುರಿದರೆ ಈ ಲೆಕ್ಕ ಮುರಿದುಬೀಳುತ್ತದೆ. ಪಾರದರ್ಶಕವಾಗಿದ್ದದ್ದು ಮಬ್ಬಾಗುತ್ತದೆ, ಮಬ್ಬಾಗಿದ್ದದ್ದು ತಿಳಿಯಾಗುತ್ತದೆ, ಕೆಂಪು ಬೆಳಕು ಒಳಹೊಕ್ಕು ಕಣ್ಣಿಗೆ ಕಾಣದ ಅತಿನೇರಳೆಯಾಗಿ ಹೊರಬರುತ್ತದೆ. ಈ ಅರೇಖೀಯ ನಡವಳಿಕೆಯನ್ನು ಈಗ ಪರೀಕ್ಷಿಸುತ್ತಿರುವ ವಸ್ತುಗಳ ಸಾಲಿನಲ್ಲಿ ಒಂದು ವಿಚಿತ್ರ ದ್ರವವಿದೆ: ವಜ್ರದ ಪುಡಿ ತೇಲುವ ನೀರು.

ವಜ್ರ ಈ ಸೀಮೆಗೆ ಹೊಸಬನಲ್ಲ. ಮುಂಗಾರಿನ ಮೊದಲ ಮಳೆ ಮೇಲ್ಮಣ್ಣನ್ನು ತೊಳೆದ ಮೇಲೆ ಗುಂತಕಲ್ಲಿನ ಹತ್ತಿರದ ವಜ್ರಕರೂರಿನ ಹೊಲಗಳಲ್ಲಿ ಜನ ಬಾಗಿ ನೆಲ ನೋಡುತ್ತಾ ನಡೆಯುವುದು ಇಂದಿಗೂ ಉಂಟು. ಬಳ್ಳಾರಿ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಹೋಗುವವರಿದ್ದಾರೆ. ಇಂದು ಅದು ಆಂಧ್ರದ ಊರು. ಆದರೆ 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ವಜ್ರಕರೂರು ಒಂದು ತುದಿಗೆ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಇನ್ನೊಂದು ತುದಿಗೆ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದಕ್ಕೂ ಮೊದಲು ಎಲ್ಲವೂ ವಿಜಯನಗರದ ನೆಲ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ವಜ್ರ, ಮಾಣಿಕ್ಯ, ಮುತ್ತುಗಳ ಮಾರಾಟವನ್ನು ಕಂಡು ಬರೆದ. ಅವನ ನಂತರ ಬಂದ ಕುದುರೆ ವ್ಯಾಪಾರಿ ನುನಿಜ್ ಗಣಿಯ ಕರಾರನ್ನೇ ದಾಖಲಿಸಿದ: ವಜ್ರದ ಸೀಮೆ ಹಿಡಿದ ನಾಯಕ ವರ್ಷಕ್ಕೆ ಇಂತಿಷ್ಟು ಹಣ ಕಟ್ಟಬೇಕು, ಜೊತೆಗೆ ಇಪ್ಪತ್ತು ಮಂಗೆಲಿನ್ ತೂಕ ಮೀರಿದ ಪ್ರತಿ ಹರಳನ್ನೂ ಅರಸನ ಬೊಕ್ಕಸಕ್ಕೆ ಒಪ್ಪಿಸಬೇಕು.

ಅಲ್ಲಿ ಬೆಲೆ ಕಟ್ಟುತ್ತಿದ್ದದ್ದು ದೊಡ್ಡ ಹರಳಿಗೆ. ಇಂದಿನ ಪ್ರಯೋಗಾಲಯ ಹುಡುಕುತ್ತಿರುವುದು ತದ್ವಿರುದ್ಧವಾದದ್ದನ್ನು.

ನ್ಯಾನೊವಜ್ರದ ಒಂದು ಕಣದ ಅಡ್ಡಳತೆ ನಾಲ್ಕೈದು ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ಐದು ನ್ಯಾನೊಮೀಟರಿನ ಕಣದಲ್ಲಿ ಇಂಗಾಲದ ಪರಮಾಣುಗಳು ಹನ್ನೊಂದು ಸಾವಿರದ ಆಸುಪಾಸಿನಲ್ಲಿರುತ್ತವೆ, ಅಷ್ಟೇ. ಒಂದು ಕ್ಯಾರೆಟ್ ವಜ್ರವನ್ನು, ಅಂದರೆ 0.2 ಗ್ರಾಮನ್ನು, ಹೀಗೆ ಪುಡಿಮಾಡಿದರೆ ಸುಮಾರು 8,700 ಕೋಟಿ ಕೋಟಿ ಕಣಗಳಾಗುತ್ತವೆ. ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಅರವತ್ತು ಚದರ ಮೀಟರಿಗೂ ಹೆಚ್ಚು; ಒಂದು ಸಾಧಾರಣ ಮನೆಯ ನೆಲದಷ್ಟು. ಈ ಅಪಾರ ಮೈಯ ಲೆಕ್ಕ ಮುಂದೆ ಬಹಳ ಬೇಕಾಗುತ್ತದೆ, ಏಕೆಂದರೆ ನ್ಯಾನೊವಜ್ರ ಬೆಳಕಿನೊಡನೆ ಮಾಡುವ ಅರ್ಧ ವ್ಯವಹಾರ ಒಳಗಿನ ವಜ್ರದ್ದಲ್ಲ, ಹೊರಗಿನ ಮೈಯದು.

ಇದು ಹುಟ್ಟುವ ಬಗೆಯೂ ಕೇಳುವಂಥದ್ದು. 1963ರಲ್ಲಿ ಸೋವಿಯತ್ ಒಕ್ಕೂಟದ ಸ್ನೆಜಿನ್ಸ್ಕ್ ಎಂಬ ರಹಸ್ಯ ನಗರದ ಶಸ್ತ್ರಾಸ್ತ್ರ ಸಂಸ್ಥೆಯಲ್ಲಿ ವೋಲ್ಕೊವ್, ದನಿಲೆಂಕೊ, ಯೆಲಿನ್ ಎಂಬ ವಿಜ್ಞಾನಿಗಳು ಮುಚ್ಚಿದ ಕೋಣೆಯಲ್ಲಿ ಸ್ಫೋಟಕ ಸಿಡಿಸಿ ಮಸಿಯನ್ನು ಕೆರೆದು ನೋಡಿದರು. ಮಸಿಯೊಳಗೆ ವಜ್ರವಿತ್ತು. ಟಿಎನ್‌ಟಿ, ಆರ್‌ಡಿಎಕ್ಸ್‌ಗಳ ಮಿಶ್ರಣ ಸಾಕಷ್ಟು ಆಮ್ಲಜನಕವಿಲ್ಲದ ಕಡೆ ಸಿಡಿದಾಗ ಸುಡದೆ ಉಳಿದ ಇಂಗಾಲ ಲಕ್ಷಗಟ್ಟಲೆ ವಾಯುಮಂಡಲಗಳ ಒತ್ತಡಕ್ಕೆ, ಮೂರು ಸಾವಿರ ಡಿಗ್ರಿ ಮೀರಿದ ಕಾವಿಗೆ ಒಂದು ಕ್ಷಣ ಸಿಕ್ಕಿ ವಜ್ರವಾಗಿ ಹೆಪ್ಪುಗಟ್ಟುತ್ತದೆ. ಬೆಳೆಯಲು ಸಿಗುವ ಹೊತ್ತು ಮೈಕ್ರೊಸೆಕೆಂಡಿನೊಳಗಿನ ಮಾತಾದ್ದರಿಂದ ಎಲ್ಲ ಕಣಗಳೂ ಐದು ನ್ಯಾನೊಮೀಟರಿನ ಹತ್ತಿರವೇ ನಿಂತುಬಿಡುತ್ತವೆ. ವಜ್ರಕರೂರಿನ ಹರಳುಗಳು ನೆಲದಾಳದಲ್ಲಿ, ನೂರೈವತ್ತು ಕಿಲೊಮೀಟರಿನಷ್ಟು ಕೆಳಗೆ ಹುಟ್ಟಿ, ಸುಮಾರು 110 ಕೋಟಿ ವರ್ಷಗಳ ಹಿಂದೆ ಕಿಂಬರ್ಲೈಟ್ ಎಂಬ ಕರಗಿದ ಕಲ್ಲಿನ ಜೊತೆ ಮೇಲಕ್ಕೆ ಬಂದವು. ಅದೇ ಇಂಗಾಲ, ಅದೇ ಜೋಡಣೆ; ಇಲ್ಲೂ ಅಂತರವಿರುವುದು ಹೊತ್ತಿನಲ್ಲಿ. ಸೋವಿಯತ್ ಶೋಧ ಗುಟ್ಟಾಗಿಯೇ ಉಳಿದು, ಸ್ಫೋಟದ ಮಸಿಯ ವಜ್ರದ ಸುದ್ದಿ ಜಗತ್ತಿಗೆ ಬಹಿರಂಗವಾದದ್ದು 1988ರಲ್ಲಿ.

ಸ್ಫೋಟವೇ ಬೇಕೆಂದೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ವುಜಾಂಗ್ ಜೌ ಮತ್ತು ಸಂಗಡಿಗರು ಮೇಣದಬತ್ತಿಯ ಉರಿಯ ನಡುಭಾಗದಿಂದ ಮಾದರಿ ತೆಗೆದು, ಅದರಲ್ಲಿ ನ್ಯಾನೊವಜ್ರಗಳಿರುವುದನ್ನು 2011ರಲ್ಲಿ ತೋರಿಸಿದರು. ಅವರ ಅಂದಾಜಿನಂತೆ ಸೆಕೆಂಡಿಗೆ ಸುಮಾರು 15 ಲಕ್ಷ ಕಣಗಳು ಹುಟ್ಟಿ ಅಲ್ಲೇ ಸುಟ್ಟುಹೋಗುತ್ತವೆ.

ಕಾರ್ಖಾನೆಯಿಂದ ಬರುವ ಪುಡಿ ನೋಡಲು ವಜ್ರದಂತಿರುವುದಿಲ್ಲ. ಬೂದು ಬಣ್ಣದ ಹಿಟ್ಟು. ಆಮ್ಲದಲ್ಲಿ ಕುದಿಸಿ ಮಸಿ ತೆಗೆದು ನೀರಿಗೆ ಬೆರೆಸಿದರೆ ದ್ರವ ಕಡು ಚಹಾದಂತೆ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುವುದು ದೊಡ್ಡ ಕಿರಿಕಿರಿ. ಜಪಾನಿನ ಎಯಿಜಿ ಒಸಾವಾ (60 ಇಂಗಾಲದ ಪರಮಾಣುಗಳ ಚೆಂಡಿನಂಥ ಅಣು ಇರಬಹುದೆಂದು 1970ರಲ್ಲೇ ಊಹಿಸಿದ್ದವರು ಇವರೇ) ಮತ್ತು ಸಂಗಡಿಗರು 2005ರಲ್ಲಿ ಸಣ್ಣ ಸಣ್ಣ ಮಣಿಗಳ ನಡುವೆ ಈ ಗಂಟುಗಳನ್ನು ಅರೆದು ಒಂಟಿ ಕಣಗಳನ್ನು ಬಿಡಿಸುವ ದಾರಿ ತೋರಿಸಿದರು. ಗಂಟಿನ ಗಾತ್ರ ಯಾಕಿಷ್ಟು ಮುಖ್ಯ? ಬೆಳಕಿನ ಅಲೆಗಿಂತ ತೀರ ಸಣ್ಣದಾದ ಕಣ ಚದುರಿಸುವ ಬೆಳಕು ಅದರ ಅಡ್ಡಳತೆಯ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಅಡ್ಡಳತೆ ಹತ್ತು ಪಟ್ಟಾದರೆ ಒಂದು ಕಣದ ಚದುರಿಕೆ ಹತ್ತು ಲಕ್ಷ ಪಟ್ಟು. ಒಂದೇ ತೂಕದ ಪುಡಿ ಒಂದು ಬಾಟಲಿಯಲ್ಲಿ ಒಂಟಿ ಕಣಗಳಾಗಿ, ಇನ್ನೊಂದರಲ್ಲಿ ಗಂಟುಗಳಾಗಿ ತೇಲುತ್ತಿದ್ದರೆ ಅವೆರಡೂ ಬೆಳಕಿನ ಕಣ್ಣಿಗೆ ಬೇರೆ ಬೇರೆ ದ್ರವಗಳು. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಾಳೆಯಾಗದಿರುವುದಕ್ಕೆ ಅರ್ಧ ಕಾರಣ ಇದೇ.

ಇನ್ನು ಬೆಳಕಿನ ಕಡೆಗೆ.

ಕೊಟ್ಟೂರು ಗುರುಬಸವೇಶ್ವರನ ತೇರು ಎಳೆಯುವುದನ್ನು ನೋಡಿದವರಿಗೆ ಅರೇಖೀಯ ಹೀರಿಕೆಯನ್ನು ವಿವರಿಸುವುದು ಸುಲಭ. ಒಬ್ಬೊಬ್ಬರಾಗಿ ಸಾವಿರ ಮಂದಿ ದಿನವಿಡೀ ಮಿಣಿ ಜಗ್ಗಿದರೂ ತೇರು ಕದಲುವುದಿಲ್ಲ. ಒಂದೇ ಉಸಿರಿಗೆ ಎಲ್ಲರ ಕೈ ಬಿದ್ದಾಗ ಗಾಲಿ ಉರುಳುತ್ತದೆ. ಪರಮಾಣುವಿನ ಲೋಕದಲ್ಲಿ ತೇರಿನ ಜಾಗದಲ್ಲಿ ಎಲೆಕ್ಟ್ರಾನ್, ಕೈಗಳ ಜಾಗದಲ್ಲಿ ಫೋಟಾನ್ ಎಂಬ ಬೆಳಕಿನ ಕಣಗಳು. ವಜ್ರದ ಎಲೆಕ್ಟ್ರಾನನ್ನು ಅದರ ಕಟ್ಟಿನಿಂದ ಬಿಡಿಸಲು ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕಣ್ಣಿಗೆ ಕಾಣುವ ಯಾವ ಬಣ್ಣದ ಫೋಟಾನಿಗೂ ಒಂಟಿಯಾಗಿ ಅಷ್ಟು ಶಕ್ತಿಯಿಲ್ಲ. ಶುದ್ಧ ವಜ್ರ ನೀರಿನಂತೆ ತಿಳಿಯಾಗಿರುವುದಕ್ಕೆ ಇದೇ ಕಾರಣ. ಅತಿ ಕಿರು ಮಿಡಿತದ ಫೆಮ್ಟೊಸೆಕೆಂಡ್ ಲೇಸರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 800 ನ್ಯಾನೊಮೀಟರಿನ ಬೆಳಕಿನಲ್ಲಿ ಫೋಟಾನಿಗೆ 1.55 ಎಲೆಕ್ಟ್ರಾನ್ ವೋಲ್ಟ್. ಮೂರು ಕೂಡಿದರೂ ಸಾಲದು, ನಾಲ್ಕು ಏಕಕಾಲಕ್ಕೆ ಸೇರಬೇಕು. ಅದೇ ಬೆಳಕನ್ನು 400 ನ್ಯಾನೊಮೀಟರಿನ ನೇರಳೆಗೆ ಬದಲಿಸಿಕೊಂಡರೆ ಫೋಟಾನಿನ ಶಕ್ತಿ ಇಮ್ಮಡಿಯಾಗಿ, ಎರಡು ಸೇರಿದರೆ ಸಾಕಾಗುತ್ತದೆ.

ಎರಡು ಫೋಟಾನ್ ಒಟ್ಟಿಗೆ ಹೀರಿಕೆಯಾಗಬಹುದೆಂದು ಮರಿಯಾ ಗೋಪರ್ಟ್ ಮೇಯರ್ ಎಂಬ ತರುಣಿ 1931ರಲ್ಲಿ ಪ್ರಕಟವಾದ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದನ್ನು ಕಣ್ಣಾರೆ ಕಾಣಲು ಲೇಸರ್ ಹುಟ್ಟಬೇಕಾಯಿತು. 1960ರ ಮೇ 16ರಂದು ಥಿಯೋಡೋರ್ ಮೈಮನ್ ಅವರ ಮಾಣಿಕ್ಯದ ಲೇಸರ್ ಮೊದಲ ಬಾರಿಗೆ ಮಿನುಗಿತು. ಮರುವರ್ಷವೇ ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ತಂಡ ಆ ಕೆಂಪು ಬೆಳಕನ್ನು ಬೆಣಚುಕಲ್ಲಿನ ಹರಳಿಗೆ ಹಾಯಿಸಿ ಅರ್ಧ ತರಂಗಾಂತರದ ಅತಿನೇರಳೆಯನ್ನು ಪಡೆಯಿತು. ಫೋಟೊ ಫಲಕದ ಮೇಲೆ ಅದು ಬಿಟ್ಟ ಸಣ್ಣ ಚುಕ್ಕೆಯನ್ನು ಪತ್ರಿಕೆಯ ಕಚೇರಿಯವರು ಕೊಳೆ ಎಂದು ತಿಳಿದು ಅಳಿಸಿಬಿಟ್ಟರಂತೆ! ಹೊಸ ವಿಜ್ಞಾನದ ಮೊದಲ ಸಾಕ್ಷಿ ಅಚ್ಚಿನಲ್ಲಿ ಕಾಣಲೇ ಇಲ್ಲ. ಅದೇ ವರ್ಷ ಗೋಪರ್ಟ್ ಮೇಯರ್ ಅವರ ಎರಡು ಫೋಟಾನ್‌ಗಳ ಲೆಕ್ಕವೂ ಪ್ರಯೋಗದಲ್ಲಿ ನಿಜವಾಯಿತು.

ಫೋಟಾನುಗಳನ್ನು ಒಂದೇ ಉಸಿರಿಗೆ ಕೂಡಿಸಲು ಅವನ್ನು ಕಾಲದಲ್ಲಿ ಒತ್ತಬೇಕು. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗ ಎಂದರೆ ಯಾರ ಮನಸ್ಸಿಗೂ ಹಿಡಿಯುವುದಿಲ್ಲ. ಹೀಗೆ ನೋಡಬಹುದು: ನೂರು ಫೆಮ್ಟೊಸೆಕೆಂಡ್ ಒಂದು ಸೆಕೆಂಡಿನ ಮುಂದೆ ಎಷ್ಟು ಕಿರಿದೋ, ಒಂದು ಸೆಕೆಂಡ್ ಮೂರು ಲಕ್ಷ ವರ್ಷಗಳ ಮುಂದೆ ಅಷ್ಟು ಕಿರಿದು. ಆ ಅವಧಿಯಲ್ಲಿ ಬೆಳಕು ಸಾಗುವ ದೂರ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಇಪ್ಪತ್ತು ಶೇಂಗಾ ಕಾಳುಗಳನ್ನು ಒಂದು ಸೆಂಟಿಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು ಒಂದು ಮಿಲಿಜೂಲ್. ಆ ಅಲ್ಪ ಶಕ್ತಿಯನ್ನು ನೂರು ಫೆಮ್ಟೊಸೆಕೆಂಡಿನಲ್ಲಿ ಸುರಿದರೆ ಆ ಕ್ಷಣದ ಬಲ ಒಂದು ಸಾವಿರ ಕೋಟಿ ವಾಟ್. ಬಳ್ಳಾರಿ ಪಕ್ಕದ ಕುಡಿತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೂರೂ ಘಟಕಗಳು ಪೂರ್ತಿ ಓಡಿದಾಗ ಕೊಡುವ 1,700 ಮೆಗಾವಾಟಿನ ಸುಮಾರು ಆರು ಪಟ್ಟು. ಇಷ್ಟು ಬಲದ ಮಿಡಿತ ಲೇಸರಿನ ಒಳಗಿನ ಹರಳನ್ನೇ ಸುಡದಂತೆ, ಮೊದಲು ಅದನ್ನು ಕಾಲದಲ್ಲಿ ಹಿಗ್ಗಿಸಿ, ಬಲಪಡಿಸಿ, ಕೊನೆಗೆ ಮತ್ತೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ಹೊಳೆಯಿಸಿದ ಜೆರಾರ್ಡ್ ಮೂರು ಮತ್ತು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಅಳೆಯುವ ವಿಧಾನ ಮಾತ್ರ ಆಶ್ಚರ್ಯವಾಗುವಷ್ಟು ಸರಳ. ಅಮೆರಿಕದಲ್ಲಿ ಮನ್ಸೂರ್ ಶೇಖ್ ಬಹಾಯಿ, ಎರಿಕ್ ವಾನ್ ಸ್ಟ್ರೈಲ್ಯಾಂಡ್ ಮತ್ತು ಸಂಗಡಿಗರು 1989–90ರಲ್ಲಿ ರೂಪಿಸಿದ ಇದಕ್ಕೆ ಜೆಡ್ ಸ್ಕ್ಯಾನ್ ಎಂದು ಹೆಸರು. ಮಸೂರವೊಂದು ಲೇಸರ್ ಕಿರಣವನ್ನು ಒಂದು ಬಿಂದುವಿಗೆ ಕೂಡಿಸುತ್ತದೆ. ದ್ರವ ತುಂಬಿದ, ಒಂದು ಮಿಲಿಮೀಟರ್ ದಪ್ಪದ ಗಾಜಿನ ಡಬ್ಬಿಯನ್ನು ಕಿರಣದ ದಾರಿಯಲ್ಲೇ ಆ ಬಿಂದುವಿನ ಆಚೆಯಿಂದ ಈಚೆಗೆ ಮೆಲ್ಲಗೆ ಸರಿಸುತ್ತಾರೆ. ಡಬ್ಬಿಯ ಮೇಲೆ ಬೀಳುವ ಒಟ್ಟು ಬೆಳಕು ಎಲ್ಲ ಜಾಗದಲ್ಲೂ ಒಂದೇ. ಬದಲಾಗುವುದು ಅದರ ದಟ್ಟಣೆ. ಹಾದುಬಂದ ಬೆಳಕನ್ನು ಅಳೆದು ಗೆರೆ ಎಳೆದರೆ, ಬಿಂದುವಿನ ಹತ್ತಿರ ಗೆರೆ ಕಣಿವೆಯಾಗಿ ಇಳಿದರೆ ದ್ರವ ದಟ್ಟ ಬೆಳಕನ್ನು ಹೆಚ್ಚು ತಡೆಯುತ್ತಿದೆ. ಗುಡ್ಡವಾಗಿ ಏರಿದರೆ ತಾನೇ ತಿಳಿಯಾಗುತ್ತಿದೆ. ಅಳೆಯುವ ಸಾಧನದ ಮುಂದೆ ಒಂದು ಸಣ್ಣ ತೂತಿನ ತಡೆ ಇಟ್ಟರೆ, ಬೆಳಕು ತನ್ನ ಬಲದಿಂದಲೇ ದ್ರವವನ್ನು ಮಸೂರವನ್ನಾಗಿ ಮಾಡಿಕೊಳ್ಳುತ್ತಿದೆಯೇ ಎಂಬುದೂ ತಿಳಿಯುತ್ತದೆ.

ನ್ಯಾನೊವಜ್ರದ ನೀರನ್ನು ಈ ಪರೀಕ್ಷೆಗೆ ಒಡ್ಡಿದಾಗ ಎರಡು ಬೇರೆ ಕಥೆಗಳು ಹೊರಬರುತ್ತವೆ.

ಮೊದಲನೆಯದು ನ್ಯಾನೊಸೆಕೆಂಡ್ ಮಿಡಿತಗಳದು. ಹಸಿರು ಲೇಸರಿನ ಐದು ನ್ಯಾನೊಸೆಕೆಂಡಿನ ಮಿಡಿತ ಬೆಳಕಿನ ಲೋಕದಲ್ಲಿ ಉದ್ದದ ಮೆರವಣಿಗೆ, ಒಂದೂವರೆ ಮೀಟರ್. ನ್ಯಾನೊವಜ್ರದ ಮೈಮೇಲೆ ವಜ್ರವಲ್ಲದ, ಪೆನ್ಸಿಲಿನ ಗ್ರಾಫೈಟಿನ ಜಾತಿಯ ಇಂಗಾಲದ ತೆಳು ಹೊದಿಕೆ ಇರುತ್ತದೆ. ಅದು ಬೆಳಕು ಕುಡಿದು ಕಾಯುತ್ತದೆ. ಐದು ನ್ಯಾನೊಮೀಟರಿನ ಕಣದ ಕಾವು ನೀರಿಗೆ ದಾಟಲು ಹತ್ತಾರು ಪಿಕೊಸೆಕೆಂಡ್ ಸಾಕು. ಮಿಡಿತದ ತಲೆ ಹಾದುಹೋಗುತ್ತಿರುವಾಗಲೇ ಕಣದ ಸುತ್ತ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಮಿಡಿತದ ಬಾಲ ಬರುವ ಹೊತ್ತಿಗೆ ದ್ರವದ ತುಂಬ ಗುಳ್ಳೆ. ಅಂಕಸಮುದ್ರದ ಕೆರೆಯ ಮೇಲೆ ಚಳಿಗಾಲದ ಮುಂಜಾನೆ ಮಂಜು ಕವಿದಾಗ ಬೈಕಿನ ದೀಪದ ಬೆಳಕು ಮುಂದೆ ಹೋಗದೆ ಬಿಳಿಯ ಗೋಡೆಯಾಗಿ ನಿಲ್ಲುತ್ತದಲ್ಲ, ಹಾಗೆ ಬೆಳಕು ಸುತ್ತೆಲ್ಲ ಚದುರಿಹೋಗುತ್ತದೆ. ರಷ್ಯದ ಇಜೆವ್ಸ್ಕ್‌ನ ಮಿಖೆಯೆವ್, ಫಿನ್ಲೆಂಡಿನ ಯೊಎನ್ಸೂವಿನ ಸ್ವಿರ್ಕೊ, ವನ್ಯುಕೊವ್ ಮೊದಲಾದವರ ತಂಡಗಳು ಸ್ಫೋಟಜನ್ಯ ನ್ಯಾನೊವಜ್ರದಲ್ಲಿ ಈ ಚದುರಿಕೆಯನ್ನು ವರ್ಷಗಟ್ಟಲೆ ಅಳೆದಿವೆ. ಮೈಯ ಗ್ರಾಫೈಟ್ ಹೊದಿಕೆ ಎಷ್ಟು ಮುಖ್ಯ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ 2002ರಲ್ಲಿ ಬಂತು. ನ್ಯಾನೊವಜ್ರವನ್ನು ನಿರ್ವಾತದಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಪದರ ಪದರವಾದ ಇಂಗಾಲವಾಗುತ್ತದೆ. ಕೊಟ್ಟೂರು, ಹರಪನಹಳ್ಳಿಯ ಹೊಲದ ಉಳ್ಳಾಗಡ್ಡಿಯ ಹಾಗೆಯೇ, ವಿಜ್ಞಾನಿಗಳು ಇಟ್ಟ ಹೆಸರೂ ಅದೇ. ಗ್ರೀಸ್ ಮತ್ತು ರಷ್ಯದ ಸಂಶೋಧಕರು ಎರಡನ್ನೂ ಹೋಲಿಸಿದಾಗ ಬೆಳಕು ತಡೆಯುವುದರಲ್ಲಿ ಉಳ್ಳಾಗಡ್ಡಿ ಇಂಗಾಲ ವಜ್ರವನ್ನು ಹಿಂದೆ ಹಾಕಿತು.

ಎರಡನೆಯ ಕಥೆ ಫೆಮ್ಟೊಸೆಕೆಂಡಿನದು. ಇಲ್ಲಿ ಮಿಡಿತ ಬಂದು ಹೋಗಿ ಆದ ಮೇಲಷ್ಟೇ ನೀರಿಗೆ ಸುದ್ದಿ ಮುಟ್ಟುತ್ತದೆ. ಗುಳ್ಳೆ ಏಳುವ ಮಾತೇ ಇಲ್ಲ, ಕಾವು ಕಣದಿಂದ ಹೊರಬೀಳುವುದಕ್ಕೂ ಸಮಯವಿಲ್ಲ. ಕದಲುವುದು ಎಲೆಕ್ಟ್ರಾನ್ ಒಂದೇ. ಒಳಗಿನ ವಜ್ರದಲ್ಲಿ ಹಲವು ಫೋಟಾನುಗಳ ಜಂಟಿ ಹೀರಿಕೆ ನಡೆಯುತ್ತದೆ, ಬೆಳಕಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನ್ ಮೋಡವನ್ನು ಎಳೆದಾಡಿ ವಕ್ರೀಭವನ ಸೂಚ್ಯಂಕವನ್ನು ಆ ಕ್ಷಣಕ್ಕೆ ಬದಲಿಸುತ್ತದೆ. ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿ ಕಂಡ ವಿದ್ಯಮಾನದ ಲೇಸರ್ ರೂಪವಿದು. ಮೈಮೇಲಿನ ಗ್ರಾಫೈಟ್ ಹೊದಿಕೆ ಮಾತ್ರ ಬಹುಮಟ್ಟಿಗೆ ತಿರುಗುಮುರುಗಾಗಿ ನಡೆದುಕೊಳ್ಳುತ್ತದೆ: ಅದರ ಎಲೆಕ್ಟ್ರಾನುಗಳು ಮಿಡಿತದ ಮೊದಲ ಭಾಗಕ್ಕೇ ಮೇಲೇರಿ ಜಾಗವೆಲ್ಲ ಭರ್ತಿಯಾಗಿ, ಉಳಿದ ಬೆಳಕನ್ನು ಹೀರಲಾರದೆ ಬಿಟ್ಟುಕೊಡುತ್ತದೆ. ಒಂದೇ ಕಣದ ಒಳಗು ಬೆಳಕನ್ನು ತಡೆಯಲು ನೋಡುತ್ತದೆ, ಹೊರಗು ದಾರಿ ಬಿಡಲು ನೋಡುತ್ತದೆ. ಅಳತೆಯ ಗೆರೆಯಲ್ಲಿ ಕಾಣುವುದು ಇವೆರಡರ ಕೂಡಿಕೆ.

ಇಲ್ಲಿ ಸಂಶೋಧಕರನ್ನು ಎಡವಿಸುವ ಎರಡು ಗುಂಡಿಗಳಿವೆ, ಇವನ್ನು ಬಿಟ್ಟು ಮುಂದೆ ಹೋದರೆ ವಿಷಯಕ್ಕೆ ಅನ್ಯಾಯ. ಒಂದು, ನೀರು. ಘನ ವಜ್ರದ ಕೆರ್ ಗುಣ ನೀರಿನದಕ್ಕಿಂತ ಕೆಲವೇ ಪಟ್ಟು ಹೆಚ್ಚು. ತೂಕದಲ್ಲಿ ನೂರಕ್ಕೆ ಒಂದರಷ್ಟು ವಜ್ರ ಬೆರೆಸಿದರೂ ಗಾತ್ರದಲ್ಲಿ ಅದು ಸಾವಿರಕ್ಕೆ ಮೂರು ಪಾಲು ಮಾತ್ರ. ಅಂದರೆ ಫೆಮ್ಟೊಸೆಕೆಂಡ್ ಅಳತೆಯಲ್ಲಿ ಕಾಣುವುದರ ಬಹುಪಾಲು ನೀರಿನದು ಮತ್ತು ಡಬ್ಬಿಯ ಗಾಜಿನದು. ಬರಿ ನೀರಿನ ಡಬ್ಬಿಯನ್ನು ಬೇರೆಯಾಗಿ ಅಳೆದು ಕಳೆಯದೆ ‘ವಜ್ರದ ಗುಣ’ ಎಂದು ಬರೆದರೆ ಅದು ನೀರಿನ ಜಾತಕ. ಎರಡನೆಯದು, ಮಿಡಿತಗಳ ನಡುವಿನ ಅಂತರ. ಕೆಲವು ಲೇಸರುಗಳು ಸೆಕೆಂಡಿಗೆ ಎಂಟು ಕೋಟಿ ಮಿಡಿತ ಬಿಡುತ್ತವೆ. ಒಂದು ಮಿಡಿತ ಬಿಟ್ಟ ಕಾವು ಆರುವ ಮೊದಲೇ, ಹನ್ನೆರಡೂವರೆ ನ್ಯಾನೊಸೆಕೆಂಡಿಗೆ, ಮುಂದಿನದು ಬಂದಿರುತ್ತದೆ. ಕಾವು ಕೂಡುತ್ತಾ ಹೋಗಿ ದ್ರವದ ನಡುವೆ ಬಿಸಿಲ ದಾರಿಯ ಮೇಲಿನ ಗಾಳಿಯಂತೆ ಬೆಳಕನ್ನು ಬಾಗಿಸುವ ಪದರ ಹುಟ್ಟುತ್ತದೆ. ಅದರಿಂದ ಬರುವ ಅಂಕಿ ದೊಡ್ಡದಾಗಿರುತ್ತದೆ, ಆಕರ್ಷಕವಾಗಿಯೂ ಇರುತ್ತದೆ. ಆದರೆ ಅದು ಎಲೆಕ್ಟ್ರಾನಿನ ಚುರುಕಲ್ಲ, ಒಲೆಯ ಕಾವು. ಮಿಡಿತಗಳ ನಡುವೆ ಸಾಕಷ್ಟು ಬಿಡುವು ಕೊಟ್ಟು ಅಳೆದ ಫಲಿತಾಂಶವನ್ನಷ್ಟೇ ಫೆಮ್ಟೊಸೆಕೆಂಡಿನ ಫಲಿತಾಂಶವೆಂದು ನಂಬಬೇಕು. ಸುದ್ದಿಯಾಗುವ ಎಷ್ಟೋ ‘ದಾಖಲೆ’ಗಳು ಈ ಜರಡಿಯಲ್ಲಿ ಉಳಿಯಲಾರವು.

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂದರೆ, ಮೊದಲ ಉತ್ತರ ಕಣ್ಣು. ಜೋರಾದ ಬೆಳಕು ಬಿದ್ದರೆ ರೆಪ್ಪೆ ಮುಚ್ಚಲು ಕಾಲು ಸೆಕೆಂಡ್ ಬೇಕು. ನ್ಯಾನೊಸೆಕೆಂಡ್ ಲೇಸರ್ ಮಿಡಿತ ಅಷ್ಟರೊಳಗೆ ತನ್ನ ಕೆಲಸ ಎಂದೋ ಮುಗಿಸಿರುತ್ತದೆ, ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಲಕ್ಷ ಪಟ್ಟು ದಟ್ಟವಾಗಿ ಕೂಡಿಸಿರುತ್ತದೆ. ಮೆರವಣಿಗೆಯ ಲೇಸರ್ ದೀಪಗಳೇ ಅಕ್ಷಿಪಟ ಸುಟ್ಟ ವರದಿಗಳು ಗಣೇಶೋತ್ಸವದ ಬೆನ್ನಿಗೆ ನಾಸಿಕ, ಕೊಲ್ಹಾಪುರಗಳಿಂದ ಬಂದಿವೆ. ನಮ್ಮ ಜಾತ್ರೆ, ತೇರುಗಳಲ್ಲೂ ಅಂಥ ದೀಪಗಳು ಈಗ ಹೊಸತಲ್ಲ. ಬಣ್ಣದ ಗಾಜಿನ ಕನ್ನಡಕ ಒಂದೆರಡು ಬಣ್ಣವನ್ನಷ್ಟೇ ತಡೆಯುತ್ತದೆ, ಜೊತೆಗೆ ನೋಟವನ್ನೂ ಮಂಕು ಮಾಡುತ್ತದೆ. ಸಾಧಾರಣ ಬೆಳಕಿಗೆ ಕಿಟಕಿಯಂತೆ ತೆರೆದಿದ್ದು, ಅಪಾಯದ ಬೆಳಕಿಗೆ ತಾನಾಗಿ ಮುಚ್ಚಿಕೊಳ್ಳುವ ವಸ್ತು ಬೇಕು. ಆಪ್ಟಿಕಲ್ ಲಿಮಿಟರ್ ಎನ್ನುವುದು ಇದನ್ನೇ. ದೀಪದ ಮಸಿ ಕದಡಿದ ದ್ರವ ಈ ಕೆಲಸದಲ್ಲಿ ಹಳೆಯ ಕೈ. ಆದರೆ ಒಂದೆರಡು ಹೊಡೆತಕ್ಕೆ ಮಸಿ ಸುಟ್ಟು ಆ ಜಾಗ ಖಾಲಿಯಾಗುತ್ತದೆ, ತಳಕ್ಕೂ ಕೂರುತ್ತದೆ. ಗಟ್ಟಿ ತಿರುಳಿನ ನ್ಯಾನೊವಜ್ರ ಹೆಚ್ಚು ಹೊಡೆತ ತಾಳುತ್ತದೆ ಎಂಬುದೇ ಅದರ ಮೇಲಿನ ಆಸೆಗೆ ಮೂಲ. ಆದರೆ ಈ ಆಸೆ ನ್ಯಾನೊಸೆಕೆಂಡಿಗೆ ಸರಿ. ಗುಳ್ಳೆಯನ್ನು ನಂಬಿದ ಕಾವಲುಗಾರ ಫೆಮ್ಟೊಸೆಕೆಂಡಿನ ಮುಂದೆ ತಡವಾಗಿ ಏಳುತ್ತಾನೆ. ಅಲ್ಲಿ ಬಹುಫೋಟಾನ್ ಹೀರಿಕೆಯ ಬೇರೆ ವಸ್ತುಗಳೇ ಬೇಕು.

ಇಂಗಾಲದ ಇಂಥ ಕಾವಲುಗಾರರ ಹುಡುಕಾಟದಲ್ಲಿ ಬೆಂಗಳೂರಿಗೆ ಹಳೆಯ ಪಾಲಿದೆ. 2000ದಲ್ಲಿ ಇಂದೋರಿನ ಲೇಸರ್ ಕೇಂದ್ರದ ವಿಜ್ಞಾನಿಗಳ ಜೊತೆ ಬೆಂಗಳೂರಿನ ಎ.ಕೆ. ಸೂದ್, ಸಿ.ಎನ್.ಆರ್. ರಾವ್ ಮೊದಲಾದವರು ಏಕಪದರದ ಇಂಗಾಲದ ನ್ಯಾನೊಕೊಳವೆಗಳನ್ನು ದ್ರವದಲ್ಲಿ ತೇಲಿಬಿಟ್ಟು, ಅವು ಬೆಳಕಿಗೆ ಮಿತಿ ಹಾಕುವುದನ್ನು ಪ್ರಕಟಿಸಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೆಜಿ ಫಿಲಿಪ್ ಅವರ ತಂಡ ಐದು ನ್ಯಾನೊಸೆಕೆಂಡಿನ ಹಸಿರು ಲೇಸರ್, ನೂರು ಫೆಮ್ಟೊಸೆಕೆಂಡಿನ ಅವರಕ್ತ ಲೇಸರ್ ಎರಡನ್ನೂ ಇಟ್ಟುಕೊಂಡು ಹತ್ತಾರು ನ್ಯಾನೊವಸ್ತುಗಳನ್ನು ಜೆಡ್ ಸ್ಕ್ಯಾನಿಗೆ ಒಡ್ಡಿದೆ. ಗ್ರಾಫೀನಿನ ಹಾಳೆಗಳನ್ನು ಹಲವು ಬಣ್ಣಗಳಲ್ಲಿ ಒಟ್ಟಿಗೆ ಅಳೆದ 2015ರ ಕೆಲಸ ಅವುಗಳಲ್ಲೊಂದು. ಒಂದೇ ದ್ರವಕ್ಕೆ ಎರಡೂ ಹೊತ್ತಿನ ಪ್ರಶ್ನೆ ಕೇಳುವ ಈ ಕ್ರಮವೇ ನ್ಯಾನೊವಜ್ರಕ್ಕೂ ತಕ್ಕದ್ದು.

ಆ ಸಂಸ್ಥೆ ಯಾರ ಹೆಸರಿನದೋ ಅವರಿಗೆ ವಜ್ರ ಒಂದು ಹುಚ್ಚೇ ಆಗಿತ್ತು. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಭಾರತ, ಆಫ್ರಿಕಗಳ ಸುಮಾರು ಮುನ್ನೂರು ವಜ್ರಗಳನ್ನು ಕೂಡಿಸಿದ್ದರು. ಅವರ ಬಹುಪಾಲು ಶಿಷ್ಯರು ಒಂದಲ್ಲ ಒಂದು ಕಾಲದಲ್ಲಿ ವಜ್ರವನ್ನೋ ಮಾಣಿಕ್ಯವನ್ನೋ ಹಿಡಿದು ಕೂತವರೇ. ವಜ್ರದ ಗುರುತಾದ ರಾಮನ್ ರೇಖೆಯನ್ನು (ಇಂದಿಗೂ ಪುಡಿಯಲ್ಲಿ ವಜ್ರ ಇದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ಹುಡುಕುವುದು ಅದನ್ನೇ) 1930ರಲ್ಲಿ ಮೊದಲು ಕಂಡವರಲ್ಲಿ ಸಿ. ರಾಮಸ್ವಾಮಿ ಒಬ್ಬರು. ವಜ್ರದ ಪರಮಾಣುಗಳ ಕಂಪನದ ಬಗ್ಗೆ ರಾಮನ್ ಮತ್ತು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ನಡುವೆ ದೊಡ್ಡ ವಾದವೇ ನಡೆಯಿತು. ರಾಮನ್ ಶಿಷ್ಯ ಆರ್.ಎಸ್. ಕೃಷ್ಣನ್ ಬೆಂಗಳೂರಿನಲ್ಲೇ ಪಾದರಸದ ಅತಿನೇರಳೆ ಬೆಳಕಿನಲ್ಲಿ ವಜ್ರದ ನವಿರಾದ ರೋಹಿತವನ್ನು ಪಡೆದರು, ಕಾಲಾಂತರದಲ್ಲಿ ವಾದ ಬಾರ್ನ್ ಕಡೆಗೇ ವಾಲಿತು. ಗುರು ಸೋತ ವಾದಕ್ಕೂ ಸಾಕ್ಷ್ಯ ಒದಗಿದ್ದು ಅದೇ ಊರಿನ ಪ್ರಯೋಗಾಲಯದಲ್ಲಿ. ಆ ಕಾಲದ ಕೆಲಸದ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.

ಆ ಶಿಷ್ಯರ ಸಾಲಿನಲ್ಲಿ ಅನ್ನಾ ಮಣಿ ಇದ್ದರು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಸಂಪ್ರದಾಯದಂತೆ ಕೊಡಲು ಬಂದ ವಜ್ರದ ಓಲೆ ಬೇಡವೆಂದು, ಬದಲಿಗೆ ವಿಶ್ವಕೋಶ ಕೇಳಿದ ಹುಡುಗಿ. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಬಳಿ ಕೆಲಸಕ್ಕೆ ನಿಂತಾಗ ಅವರ ಕೈಗೆ ಸಿಕ್ಕಿದ್ದು ವಜ್ರಗಳೇ. ಮೂವತ್ತಕ್ಕೂ ಹೆಚ್ಚು ಹರಳುಗಳನ್ನು ಬೆಳಕಿಗೆ ಒಡ್ಡಿ, ಅವು ಹೊಮ್ಮಿಸುವ ಮಿಣುಕನ್ನು ಫೋಟೊ ಫಲಕದ ಮೇಲೆ ಹಿಡಿದರು. ಆಗ ಲೇಸರ್ ಇರಲಿಲ್ಲ. ಬೆಳಕು ಎಷ್ಟು ಕ್ಷೀಣವೆಂದರೆ ಒಂದು ಫಲಕ ತುಂಬಲು ಹದಿನೈದರಿಂದ ಇಪ್ಪತ್ತು ಗಂಟೆ ಕಾಯಬೇಕು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದರು. ಇಂದು ನೂರು ಫೆಮ್ಟೊಸೆಕೆಂಡಿನಲ್ಲಿ ಕೇಳುವ ಪ್ರಶ್ನೆಯನ್ನು, ಸೋನೆ ಮಳೆಯ ಬೆಳಕಿನಲ್ಲಿ, ಒಂದು ಇಡೀ ಹಗಲಿರುಳು ಕೂತು ಕೇಳಿದವರು ಅವರು.

1942ರಿಂದ 1945ರೊಳಗೆ ವಜ್ರ, ಮಾಣಿಕ್ಯಗಳ ಹೊಳಪಿನ ಮೇಲೆ ತಮ್ಮೊಬ್ಬರ ಹೆಸರಿನಲ್ಲೇ ಐದು ಲೇಖನ ಪ್ರಕಟಿಸಿ, ಅನ್ನಾ ಮಣಿ ಪಿಎಚ್.ಡಿ.ಗೆಂದು ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ಸಿಗಲಿಲ್ಲ. ಅವರು ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳನ್ನು ಕಲಿತು ಬಂದು, ಭಾರತದ ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಸಾಧನಗಳನ್ನು ಕಟ್ಟಿದರು. ಕೂಡ್ಲಿಗಿ, ಹರಪನಹಳ್ಳಿಯಂಥ ಮಳೆ ಕಡಿಮೆಯ ಸೀಮೆಯಲ್ಲಿ ಎಷ್ಟು ಬಂತು, ಎಂಥ ಬಿರುಸಿನಲ್ಲಿ ಬಂತು ಎಂದು ಇಂದು ಅಂಕಿಯಲ್ಲಿ ಹೇಳಲು ಬರುವುದಕ್ಕೆ ಅವರು ಬೆಳೆಸಿದ ಆ ಕೆಲಸವೂ ಒಂದು ಕಾರಣ. ಪದವಿ ಸಿಗದ ವಜ್ರದ ಪ್ರಬಂಧ, ಉಳಿದ ಪ್ರಬಂಧಗಳಂತೆಯೇ ರಟ್ಟು ಕಟ್ಟಿಸಿಕೊಂಡು, ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು.